ನೀಲಿ ಕಾರಿನ ನೆಗ್ಗು

ಒಂದು ಭಾನುವಾರ ಬೆಳಿಗ್ಗೆ ನಮ್ಮವರ ಉಪ್ಪಿಟ್ಟಿನಲ್ಲಿ ಸೈಡ್ ಮಿರರ್ ಸಿಕ್ಕಿತು. ಕಡಲೆಬೇಳೆ ಇರಬಹುದೆಂದು ಕಡಿದರಂತೆ. ಕಡಿದದ್ದನ್ನು ಬೆರಳ ತುದಿಯಲ್ಲಿಟ್ಟುಕೊಂಡು, ಕನ್ನಡಕ ಏರಿಸಿ ನೋಡಿ, ನನ್ನ ಮುಂದೆ ಹಿಡಿದರು.

“ವಸು, ಇದೇನೇ ಇದು?”

“ಅಯ್ಯೋ, ಸಿಕ್ತಾ! ನಿನ್ನೆಯಿಂದ ಹುಡುಕ್ತಾ ಇದ್ದೆ ಕಣ್ರೀ. ಡ್ರೈವರ್ ಸೈಡಿಂದು. ಸದ್ಯ, ನುಂಗ್ಲಿಲ್ವಲ್ಲ.”

ಮೊದಲು ಅವರ ಹಲ್ಲಿನ ಯೋಗಕ್ಷೇಮ ವಿಚಾರಿಸಬೇಕಿತ್ತು ಎಂಬುದು ಅವರ ದೂರು. ಆ ದೂರು ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ನೀವೇ ಹೇಳಿ, ಹಲ್ಲಿಗೆ ಡೆಂಟಿಸ್ಟ್ ಇದ್ದಾರೆ. ಅಕ್ಕಿಕಾಳಿನಷ್ಟು ದೊಡ್ಡ ಕನ್ನಡಿ ಕಳೆದುಹೋದರೆ ಕೊಡುವವರು ಯಾರು?

ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಮನೆಯ ಊಟದ ಮೇಜು ಕಾರ್ಖಾನೆಯಾದದ್ದು ಕೊರೊನಾ ಬಂದ ಮರುವರ್ಷದ ಚಳಿಗಾಲದಲ್ಲಿ. ಕಸದ ಡಬ್ಬಿ ಹೊರಗಿಡಲು ಹೋಗಿದ್ದೆ. ಡ್ರೈವ್‌ವೇಯಲ್ಲಿ ಕಣ್ಣಿಗೆ ಕಾಣದ ಹಾಗೆ ಮಂಜುಗಟ್ಟಿತ್ತು. ಡಬ್ಬಿ ಒಂದು ಕಡೆ, ನಾನು ಒಂದು ಕಡೆ. ಡಬ್ಬಿಗೆ ಏನೂ ಆಗಲಿಲ್ಲ. ನನ್ನ ಬಲಗೈ ಮಣಿಕಟ್ಟು ಮುರಿಯಿತು. ಒಳಗೆ ಲೋಹದ ಪಟ್ಟಿ ಕೂರಿಸಿ ಹೊಲಿದರು. ಮೂಳೆಯೇನೋ ಕೂಡಿಕೊಂಡಿತು, ಬೆರಳುಗಳು ಮಾತ್ರ ಪರಕೀಯರ ಹಾಗೆ ಆಡತೊಡಗಿದವು. ನಾನು ಮಾಡುವುದು ಲ್ಯಾಬ್ ಕೆಲಸ. ದಿನವಿಡೀ ಹನಿ ಹನಿಯಾಗಿ ದ್ರವ ಎಳೆದು ಬಿಡುವ ಕೈ ಅದು. ಈಗ ಅಂಗಿಯ ಗುಂಡಿ ಹಾಕಲಿಕ್ಕೂ ನಮ್ಮವರನ್ನು ಕರೆಯಬೇಕಾಯಿತು.

ಥೆರಪಿಗೆ ಹೋದೆ. ಅಲ್ಲಿನ ಹುಡುಗಿ ಹಸಿರು ಬಣ್ಣದ ಒಂದು ಮುದ್ದೆ ಕೊಟ್ಟು ನಾದಲು ಹೇಳಿದಳು. ಮೂವತ್ತು ವರ್ಷದಿಂದ ಚಪಾತಿ ಹಿಟ್ಟು ನಾದಿದವಳಿಗೆ ಇದೂ ಒಂದು ಚಿಕಿತ್ಸೆಯೇ ಎಂದುಕೊಂಡು ನಾದಿದೆ. ಕೊನೆಗೆ ಅವಳು, “ಬೆರಳ ತುದಿಗೆ ಕೆಲಸ ಕೊಡುವಂಥ, ನಿಮಗೆ ಇಷ್ಟವಾಗುವಂಥ ಏನಾದರೂ ಹುಡುಕಿಕೊಳ್ಳಿ” ಅಂದಳು. ಸುದ್ದಿ ನಮ್ಮ ಕನ್ನಡದ ಗೆಳತಿಯರಿಗೆ ಮುಟ್ಟಿತು. ಎಲಿಕಾಟ್ ಸಿಟಿಯಿಂದ ಒಬ್ಬರು ಕಸೂತಿಯ ಬಟ್ಟೆ ದಾರ ಕಳಿಸಿದರು. ಇನ್ನೊಬ್ಬರು ಹೂ ಕಟ್ಟು ಅಂದರು. ಮತ್ತೊಬ್ಬರು, ಮುತ್ತು ಪೋಣಿಸಿ ಗೌರಿಗೆ ಸರ ಮಾಡು, ಕೈಗೆ ಕೈಯೂ ಆಯ್ತು, ಪುಣ್ಯಕ್ಕೆ ಪುಣ್ಯವೂ ಆಯ್ತು ಅಂದರು. ಎಲ್ಲ ಒಳ್ಳೆಯ ಸಲಹೆಗಳೇ. ನಾನು ಕಂಪ್ಯೂಟರ್ ಮುಂದೆ ಕೂತು, ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ, ಬಿಡಿಭಾಗ ಜೋಡಿಸಿ ಮಾಡುವ ಒಂದು ಪ್ಲಾಸ್ಟಿಕ್ ಕಾರಿನ ಪೆಟ್ಟಿಗೆ ತರಿಸಿಕೊಂಡೆ.

ಅಟ್ಲಾಂಟಾದಲ್ಲಿ ಓದುತ್ತಿರುವ ಮಗಳು ಮೇಘಾ ವೀಡಿಯೋ ಕಾಲಿನಲ್ಲಿ ಪೆಟ್ಟಿಗೆ ನೋಡಿ ಕಣ್ಣರಳಿಸಿದಳು.

“ಅಮ್ಮ, ದಟ್ಸ್ ಸೋ ರ್‍ಯಾಂಡಮ್. ವೈ ಕಾರ್ಸ್? ನೀನು ಕಾರ್ ನೋಡಲ್ಲ.”

ನೋಡುತ್ತಿದ್ದೆ ಮಗಳೇ. ನಿನಗೆ ಹೇಳಿರಲಿಲ್ಲ, ಅಷ್ಟೆ.

ಮೈಸೂರಿನಲ್ಲಿ ನಾನು ಹೈಸ್ಕೂಲು ಓದುವಾಗ ಜೂನ್ ಬಂತೆಂದರೆ ಪುಸ್ತಕಗಳಿಗೆ ರ್‍ಯಾಪರ್ ಹಾಕುವ ಸಂಭ್ರಮ. ಕಂದು ಕಾಗದ ಹಾಕಿದರೆ ಬಡವರು, ಕ್ಯಾಲೆಂಡರ್ ಹಾಕಿದರೆ ಮಧ್ಯಮವರ್ಗ, ವಿದೇಶಿ ಪತ್ರಿಕೆಯ ಹೊಳೆಯುವ ಹಾಳೆ ಹಾಕಿದರೆ ಮಹಾರಾಜರು. ಅಪ್ಪನ ಆಫೀಸಿಗೆ ಎಲ್ಲಿಂದಲೋ ಬರುತ್ತಿದ್ದ ಒಂದು ಅಮೆರಿಕನ್ ಪತ್ರಿಕೆಯ ಹಳೆಯ ಸಂಚಿಕೆ ಆ ವರ್ಷ ನಮ್ಮ ಪಾಲಿಗೆ ಬಂತು. ಅಕ್ಕ ಹೂದೋಟದ ಹಾಳೆ ಎತ್ತಿಕೊಂಡಳು. ನನಗೆ ಉಳಿದದ್ದು ಕೆಂಪು ಕಾರು. ಅದನ್ನು ವಿಜ್ಞಾನ ಪುಸ್ತಕಕ್ಕೆ ಹಾಕಿದೆ. ಮೂತಿ ಉದ್ದ, ಬಾಲ ಗಿಡ್ಡ, ಹಿಂದಿನ ಚಕ್ರದ ಮೇಲೆ ಸೊಂಟ ಉಬ್ಬಿಸಿ ನೆಗೆಯಲು ಕೂತ ಬೆಕ್ಕಿನ ಹಾಗೆ ಇತ್ತು. ನಮ್ಮ ಬೀದಿಯಲ್ಲಿ ಓಡಾಡುತ್ತಿದ್ದುದು ಊಟ ಮುಗಿಸಿದ ಸಾಹುಕಾರರಂಥ ಅಂಬಾಸಿಡರ್‌ಗಳು. ಕಾರೆಂದರೆ ಹೀಗೂ ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಆ ವರ್ಷ ಬೆಳಕಿನ ವಕ್ರೀಭವನದ ಪಾಠ ಮಾಡಿದ್ದು ಮೇಷ್ಟ್ರು. ನಾನು ಕಲಿತದ್ದು ಆ ಕಾರಿನ ಬಾನೆಟ್ಟಿನ ಮೇಲೆ ಬೆಳಕು ಹೇಗೆ ಬಾಗುತ್ತದೆ ಎಂಬುದನ್ನು.

ಮದುವೆಯಾಗಿ ಅಮೆರಿಕಕ್ಕೆ ಬಂದಿಳಿದ ದಿನ ಏರ್‌ಪೋರ್ಟಿನಿಂದ ಮನೆಯ ತನಕ ಕಿಟಕಿಗೆ ಮೂಗೊತ್ತಿ ಆ ಕಾರಿಗಾಗಿ ಹುಡುಕಿದ್ದೆ. ರಸ್ತೆಯ ತುಂಬ ಕಾರುಗಳೇ ಕಾರುಗಳು, ಎಲ್ಲವೂ ಸೋಪಿನ ಬಿಲ್ಲೆಯ ಹಾಗೆ ನುಣ್ಣಗೆ, ಹೆಚ್ಚಿನವು ತೊಗರಿಬೇಳೆ ತೊಳೆದ ನೀರಿನ ಬಣ್ಣ. ಹೊಸ ಮದುವಣಗಿತ್ತಿ ಏನನ್ನೋ ಹುಡುಕುತ್ತಿದ್ದಾಳೆಂದು ನಮ್ಮವರು, “ಬಾತ್‌ರೂಮ್ ಬೇಕಾ?” ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ನಾವೂ ಅದೇ ಬೇಳೆ ನೀರಿನ ಬಣ್ಣದ ಕಾರು ಕೊಂಡೆವು. ಅದು ಹಳತಾದಾಗ ಅದೇ ಬಣ್ಣದ ಇನ್ನೊಂದು. ನಮ್ಮವರು ಸ್ಪೀಡ್ ಲಿಮಿಟ್ಟನ್ನು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಪಾಲಿಸುವವರು. ನನ್ನ ಕೆಂಪು ಕಾರಿನಂಥವನ್ನು ಇಲ್ಲಿ ಮಸಲ್ ಕಾರ್ ಅನ್ನುತ್ತಾರೆ, ಮಧ್ಯಮ ಗಾತ್ರದ ಮೈಗೆ ಲಾರಿಯ ಎಂಜಿನ್ನಿನಂಥ ದೊಡ್ಡ ಎಂಜಿನ್ ತುರುಕಿದವು, ಅರವತ್ತರ ದಶಕದವು ಎಂದು ತಿಳಿಯುವ ಹೊತ್ತಿಗೆ ನನಗೆ ಮಗಳ ಸ್ಕೂಲು, ಗ್ರೀನ್ ಕಾರ್ಡು ಎಂದು ಬೇರೆ ಚಿಂತೆಗಳಿದ್ದವು.

ನಾನು ತರಿಸಿದ ಪೆಟ್ಟಿಗೆಯ ಮೇಲೆ ಶೆವೆಲ್ ಎಂದು ಬರೆದಿತ್ತು. ನನ್ನ ವಿಜ್ಞಾನ ಪುಸ್ತಕದ ಕಾರು ಅದೇ ಹೌದೋ ಅಲ್ಲವೋ ತಿಳಿಯದು. ಆದರೆ ಆ ಸೊಂಟ ಅದರದೇ. ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸಿ, ಅಂಚು ಉಜ್ಜಿ, ಹುಬ್ಬು ಕೀಳುವ ಚಿಮಟದಲ್ಲಿ ಹಿಡಿದು ಅಂಟಿಸಬೇಕು. ಗೋಂದಿನ ವಾಸನೆ ನೇಲ್ ಪಾಲಿಶಿನ ಮಾವನ ಮಗನಂತೆ ಇತ್ತು. ಮೊದಲ ಕಾರು ಮುಗಿಯುವಷ್ಟರಲ್ಲಿ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಪೊಲೀಸರಿಗೆ ಸಾಕಾಗುವಷ್ಟು ಸ್ಪಷ್ಟವಾಗಿ ಮೂಡಿತ್ತು. ಒಂದು ಚಕ್ರ ನೆಲ ಮುಟ್ಟುತ್ತಿರಲಿಲ್ಲ. ಆದರೂ ಕೆಂಪು ಬಣ್ಣ ಬಳಿದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತಿದ್ದೇನೆಂದು ಅದೇ ವಾರ ನನಗೆ ಹೊಳೆಯಿತು.

ಆ ಕಿಟಕಿ ಪಕ್ಕದ ಮನೆಯ ಹಿತ್ತಿಲಿಗೆ ಮುಖ ಮಾಡಿದೆ. ಅಲ್ಲಿದ್ದವರು ಮಿಸ್ ಲೊರೆಟ್ಟಾ. ಎಪ್ಪತ್ತು ದಾಟಿದ ಕಪ್ಪು ಹೆಂಗಸು, ಸೌತ್ ಕ್ಯಾರೊಲೈನಾದಿಂದ ಬಂದವರು, ಸ್ಕೂಲಿನಲ್ಲಿ ಲೈಬ್ರರಿ ನೋಡಿಕೊಂಡು ರಿಟೈರ್ ಆದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮದುವೆಯಾದ ಹಿರಿಯರನ್ನೂ ಅವರ ಊರ ಕಡೆ ಮಿಸ್ ಎಂದೇ ಕರೆಯುತ್ತಾರೆ. ಬೇಲಿಯಾಚೆಯಿಂದ ಅವರು ಟೊಮೆಟೊ ಕೊಡುವುದು, ಈಚೆಯಿಂದ ನಾನು ಹುಳಿಯನ್ನ ಕೊಡುವುದು, ಇಷ್ಟೇ ನಮ್ಮ ವ್ಯವಹಾರ. ಅವರು ಮಾತಾಡುವುದು ದಕ್ಷಿಣದ ಎಳೆದೆಳೆದು ಆಡುವ ಇಂಗ್ಲಿಷ್. ಅದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ, ಅವರು ಕ್ಷಮಿಸಲಿ.

ಒಂದು ಮಧ್ಯಾಹ್ನ ಬೇಲಿಯ ಬಳಿ ನಿಂತು ನಮ್ಮ ಕಿಟಕಿಯನ್ನೇ ನೋಡುತ್ತಿದ್ದರು.

“ವಸುಧಾ, ಆ ಶೆವೆಲ್ ಯಾರದು?”

“ನಂದೇ ಮಿಸ್ ಲೊರೆಟ್ಟಾ. ಕೈಗೆ ಥೆರಪಿ ಅಂತ ಮಾಡಿದ್ದು. ನಿಮಗೆ ಹೆಸರು ಹೇಗೆ ಗೊತ್ತು?”

“ನಂದು ನೀಲಿ ಇತ್ತು” ಅಂದರು.

ಲೈಬ್ರರಿ ಆಂಟಿ ಎಂದುಕೊಂಡಿದ್ದವರು ಬೇಲಿ ಹಿಡಿದುಕೊಂಡು ಹೇಳಿದ ಕಥೆ ಇದು. ಕಾರು ಅವರ ಅಣ್ಣ ಕರ್ಟಿಸ್‌ದು. ಹತ್ತಿ ಗಿರಣಿಯಲ್ಲಿ ದುಡಿದು ಕೊಂಡದ್ದು. ಕೊಂಡ ಕೆಲವೇ ತಿಂಗಳಿಗೆ ಅವನನ್ನು ವಿಯೆಟ್ನಾಂ ಯುದ್ಧಕ್ಕೆ ಕರೆದರು. ಹೋಗುವಾಗ ತಂಗಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡು ಅಂದಿದ್ದ. ತಂಗಿ ಸ್ಟಾರ್ಟ್ ಮಾಡುವುದರಿಂದ ಶುರುಮಾಡಿ, ಮನೆಯ ಹಿಂದಿನ ಮಣ್ಣುದಾರಿಯಲ್ಲಿ ಓಡಿಸುವುದನ್ನೂ ಕಲಿತಳು. ಕರ್ಟಿಸ್ ಮರಳಿ ಬಂದ. ಎಡಗಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ. ಬಂದ ದಿನವೇ, ಯಾರು ಬೇಡವೆಂದರೂ ಕೇಳದೆ, ಕಾರಿನಲ್ಲಿ ಕೂತು ಹಿಂದಕ್ಕೆ ತೆಗೆದ. ಕಾಲು ಕ್ಲಚ್ಚಿನಿಂದ ಜಾರಿತು. ಕಾರು ನೆಗೆದು ಅಮ್ಮನ ಪಿಕಾನ್ ಮರಕ್ಕೆ ಬಡಿಯಿತು. ಹಿಂದಿನ ಎಡ ಮೂಲೆಯಲ್ಲಿ ಬೊಗಸೆಯಷ್ಟು ನೆಗ್ಗು.

“ಕರ್ಟಿಸ್ ಸ್ವಲ್ಪ ಹೊತ್ತು ಒಳಗೇ ಕೂತಿದ್ದ. ಆಮೇಲೆ ಪಕ್ಕದ ಸೀಟಿಗೆ ಸರಿದ. ‘ಲೊರೆಟ್ಟಾ, ಇನ್ನು ನೀನು ಓಡಿಸು’ ಅಂದ. ಆ ನೆಗ್ಗು ಮಾತ್ರ ರಿಪೇರಿ ಮಾಡಿಸೋಕೆ ಬಿಡಲಿಲ್ಲ.”

ಅಲ್ಲಿಂದ ಮುಂದೆ ತಂಗಿ ಸ್ಟಿಯರಿಂಗ್ ಹಿಡಿದಳು, ಅಣ್ಣ ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿ ಗೇರ್ ಯಾವಾಗ ಬದಲಿಸಬೇಕೆಂದು ಹೇಳಿದ. ಭಾನುವಾರ ಚರ್ಚು ಮುಗಿಸಿ, ನೇರ ರಸ್ತೆಯಲ್ಲಿ ಇಬ್ಬಿಬ್ಬರೇ ಪಂದ್ಯ ಹೂಡುವ ಜಾಗಗಳಿಗೆ ಹೋಗುತ್ತಿದ್ದರಂತೆ.

“ನಿಮ್ಮನ್ನ ಸೇರಿಸಿಕೊಳ್ತಿದ್ರಾ?” ಎಂದೆ.

“ಎಲ್ಲ ಕಡೆ ಇಲ್ಲ. ಸೇರಿಸಿಕೊಂಡ ಕಡೆ ಮೊದಲು ನಮ್ಮ ಬಣ್ಣ ನೋಡ್ತಿದ್ರು. ಆಮೇಲೆ ನಾನು ಹೆಣ್ಣು ಅಂತ ನೋಡ್ತಿದ್ರು. ಆಮೇಲೆ ನಮ್ಮ ಕಾರಿನ ಹಿಂಭಾಗ ನೋಡ್ತಿದ್ರು.”

ಅವರು ನಕ್ಕ ಸದ್ದಿಗೆ ಬೇಲಿಯ ಮೇಲಿದ್ದ ಅಳಿಲು ಓಡಿಹೋಯಿತು. ಕರ್ಟಿಸ್ ಇನ್ನೂ ಆ ಊರಲ್ಲೇ ಇದ್ದಾನೆ, ಈಗ ಎರಡು ಕಣ್ಣೂ ಕಾಣುವುದಿಲ್ಲ, ಹೆಂಡತಿ ಹೋದ ಮೇಲೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಎಂದರು. ಇಲ್ಲಿನ ಮನೆ ಮಾರಿ ವಸಂತಕಾಲಕ್ಕೆ ಅವನ ಜೊತೆಗೇ ಇರಲು ಹೊರಟಿದ್ದರು. ಅದನ್ನು ಫೋನಿನಲ್ಲಿ ಹೇಳಿದ್ದಕ್ಕೆ ಅವನು, “ಕುರುಡನನ್ನು ಕಾಯೋಕೆ ಬರ್ತೀಯಾ? ಬೇಡ” ಎಂದು ಫೋನಿಟ್ಟಿದ್ದನಂತೆ.

“ಹೋಗೋದಂತೂ ಹೋಗ್ತೀನಿ. ಬಾಗಿಲು ತೆಗೀತಾನೋ ಇಲ್ವೋ ಗೊತ್ತಿಲ್ಲ. ಕಾರಿನ ಹಳೇ ಫೋಟೋ ಒಂದಿದೆ. ತೋರಿಸೋಣ ಅಂದ್ರೆ ಅವನಿಗೆ ಕಣ್ಣಿಲ್ಲ.”

ನಾನು ಕಿಟಕಿಯ ಕಡೆ ನೋಡಿದೆ. ಕಣ್ಣಿಲ್ಲದಿದ್ದರೆ ಬೆರಳಿಲ್ಲವೇ?

ಮರುದಿನವೇ ಎರಡನೆಯ ಶೆವೆಲ್ ತರಿಸಿದೆ. ಈ ಸಲ ಥೆರಪಿಯ ಮಾತಿರಲಿಲ್ಲ. ಕಾರು ಮುಟ್ಟಿದರೆ ತಿಳಿಯುವಂತಿರಬೇಕು. ಬಾನೆಟ್ಟಿನ ಉಬ್ಬು, ಬಾಗಿಲಿನ ಹಿಡಿ, ಹಿಂದಿನ ಗಾಜಿನ ಇಳಿಜಾರು, ಎಲ್ಲಕ್ಕಿಂತ ಮುಖ್ಯವಾಗಿ ಆ ನೆಗ್ಗು. ಕಾರು ಮಾಡಲು ಸೂಚನೆಯ ಹಾಳೆ ಕೊಡುತ್ತಾರೆ, ಕಾರನ್ನು ಮರಕ್ಕೆ ಗುದ್ದಿಸಲು ಕೊಡುವುದಿಲ್ಲ. ಬಿಸಿ ಮಾಡಿದ ಚಮಚದಿಂದ ಒತ್ತಿದರೆ ಪ್ಲಾಸ್ಟಿಕ್ ಬಾಗುತ್ತದೆಂದು ಯಾರೋ ವೀಡಿಯೋದಲ್ಲಿ ತೋರಿಸಿದ್ದರು. ನಮ್ಮ ಮನೆಯಲ್ಲಿ ಬಿಸಿಯಾಗಲೆಂದೇ ಹುಟ್ಟಿದ ಸಾಧನ ಒಗ್ಗರಣೆ ಸೌಟು. ಒಲೆಯ ಮೇಲೆ ಅದನ್ನು ಕಾಯಿಸಿ, ಉಸಿರು ಬಿಗಿಹಿಡಿದು, ಕಾರಿನ ಎಡ ಮೂಲೆಗೆ ಒತ್ತಿದೆ. ಚುಂಯ್ ಎಂದಿತು. ಸೌಟು ಒಳಗೇ ಹೋಯಿತು. ನೆಗ್ಗು ಇರಬೇಕಾದ ಕಡೆ ಕಿಟಕಿಯೇ ಆಗಿತ್ತು.

ನಮ್ಮವರು ವಾಸನೆ ಹಿಡಿದು ಬಂದರು.

“ವಸು, ಏನೋ ಸೀದೋಯ್ತು.”

“ಕಾರು ಸೀದೋಯ್ತು ಕಣ್ರೀ” ಎಂದೆ. ಮಿಸ್ ಲೊರೆಟ್ಟಾರ ಮನೆಯ ಮುಂದೆ ಆಗಲೇ ‘ಮಾರಾಟವಾಗಿದೆ’ ಎಂಬ ಫಲಕ ಬಿದ್ದಿತ್ತು. ಆನ್‌ಲೈನಿನಲ್ಲಿ ನೋಡಿದರೆ ಇನ್ನೊಂದು ಶೆವೆಲ್ ಎಲ್ಲೂ ಇರಲಿಲ್ಲ. ಮನೆಯಲ್ಲಿ ಕೂತ ದೇಶವೆಲ್ಲ ಕಾರು ಅಂಟಿಸುತ್ತಿತ್ತೆಂದು ಕಾಣುತ್ತದೆ.

ನಮ್ಮವರು ಕಾರನ್ನು ಎತ್ತಿ ತೂತಿನಿಂದ ಒಳಗೆ ಇಣುಕಿದರು. ನಗುತ್ತಾರೆಂದು ಕಾದೆ. ನಗಲಿಲ್ಲ. “ಬೇಸ್‌ಮೆಂಟಲ್ಲಿ ಗೋಡೆ ತೂತಿಗೆ ಮೆತ್ತೋ ಪುಟ್ಟಿ ಇದ್ಯಲ್ಲ, ಅದನ್ನ ಟ್ರೈ ಮಾಡಿ ನೋಡು” ಅಂದರು. ಗೋಡೆಯ ಪುಟ್ಟಿ ಒಣಗಿ ಉದುರಿತು. ಆದರೆ ದಾರಿ ಅದೇ ಎಂದು ಗೊತ್ತಾಯಿತು. ಪ್ಲಾಸ್ಟಿಕ್ಕಿಗೆ ಕಚ್ಚುವ ಪುಟ್ಟಿ ತರಿಸಿ ತೂತು ತುಂಬಿದೆ. ಒಣಗಿದ ಮೇಲೆ ಮರಳುಕಾಗದವನ್ನು ಕಿರುಬೆರಳಿಗೆ ಸುತ್ತಿಕೊಂಡು ನೆಗ್ಗನ್ನು ಒಳಮುಖವಾಗಿ ಉಜ್ಜತೊಡಗಿದೆ. ಮಣಿಕಟ್ಟು ನೋಯುತ್ತಿತ್ತು. ನೋವಿನಲ್ಲೂ ಬೆರಳು ಮಾತು ಕೇಳುತ್ತಿತ್ತು.

ಪರೀಕ್ಷೆಗೆ ಮಿಸ್ ಲೊರೆಟ್ಟಾರನ್ನೇ ನಮ್ಮ ಹಿತ್ತಿಲಿಗೆ ಕರೆದೆ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಕಾರು ಅವರ ಅಂಗೈಯಲ್ಲಿಟ್ಟೆ. ಬೆರಳು ಮೂಲೆಗೆ ಹೋಯಿತು.

“ಇನ್ನೂ ಆಳ” ಅಂದರು.

ಉಜ್ಜಿ ತಂದೆ.

“ಕೆಳಗಡೆ ಒಂದು ಮಡಿಕೆ ಇತ್ತು. ತುಟಿ ಥರ.”

ತುಟಿ ಮಾಡಿ ತಂದೆ. ಆ ಸಲ ಅವರ ಬೆರಳು ಮಡಿಕೆಯ ಮೇಲೇ ನಿಂತಿತು. ಕಣ್ಣು ತೆರೆಯಲೇ ಇಲ್ಲ. ನಾನು ಒಳಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿಕೊಂಡು ಬಂದೆ.

ನೀಲಿ ಬಣ್ಣವನ್ನು ಫೋಟೋ ನೋಡಿ ಬೆರೆಸಿದೆ. ಮುಟ್ಟುವವನಿಗೆ ಬಣ್ಣ ಯಾಕೆ ಎಂದು ನಮ್ಮವರು ಕೇಳಿದರು. ಅವನು ಕೇಳಿದರೆ ನೀಲಿ ಎಂದು ಸುಳ್ಳು ಹೇಳಬೇಕಾಗುತ್ತದಲ್ಲ ಎಂದೆ.

ಹೊರಡುವ ದಿನ ಸಾಮಾನೆಲ್ಲ ಲಾರಿಯಲ್ಲಿ ಮುಂದೆ ಹೋಯಿತು. ಮಿಸ್ ಲೊರೆಟ್ಟಾರನ್ನು ನಾವೇ ಬಿಟ್ಟುಬರುವುದೆಂದು ಮಾತಾಗಿತ್ತು. ವರ್ಜೀನಿಯಾ ದಾಟಿ, ನಾರ್ತ್ ಕ್ಯಾರೊಲೈನಾ ದಾಟಿ, ನಮ್ಮವರ ಸ್ಪೀಡಿನಲ್ಲಿ ಇಡೀ ದಿನ ಹಿಡಿಯಿತು. ಹಿಂದಿನ ಸೀಟಿನಲ್ಲಿ ಮಿಸ್ ಲೊರೆಟ್ಟಾ ಟಿಶ್ಯೂ ಪೇಪರಿನಲ್ಲಿ ಸುತ್ತಿದ ಕಾರನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಒಮ್ಮೆ ಒಂದು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿದಾಗ ಅವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಸಭ್ಯರು, ಅಷ್ಟಕ್ಕೇ ಬಿಟ್ಟರು. ರಾತ್ರಿ ಒಂದು ಮೋಟೆಲಿನಲ್ಲಿ ತಂಗಿ, ಬೆಳಿಗ್ಗೆ ಊರು ತಲುಪಿದೆವು.

ಪೈನ್ ಮರಗಳ ನಡುವೆ ಬಿಳಿ ಬಣ್ಣದ ಚಿಕ್ಕ ಮನೆ. ಮುಂಭಾಗದಲ್ಲಿ ಒಂದು ದೊಡ್ಡ ಮರದ ಬುಡ ಮಾತ್ರ ಇತ್ತು. ಬಾಗಿಲು ತೆರೆದೇ ಇತ್ತು. ಕರ್ಟಿಸ್ ಒಳಗೆ ಕುರ್ಚಿಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಉದ್ದನೆಯ ಮನುಷ್ಯ, ಮೊಣಕಾಲಿನ ಮೇಲೆ ದೊಡ್ಡ ಕೈಗಳು.

“ಬೇಡ ಅಂದಿದ್ದೆ” ಅಂದರು.

“ಕೇಳಿಸಿತ್ತು” ಅಂದರು ತಂಗಿ. ಹೋಗಿ ಕಾರನ್ನು ಅವರ ಕೈಗಿಟ್ಟರು.

ಅವರು ಮೊದಲು ಅದೇನೆಂದು ತಿಳಿಯದೆ ಹಿಡಿದುಕೊಂಡಿದ್ದರು. ಆಮೇಲೆ ಹೆಬ್ಬೆರಳು ಬಾನೆಟ್ಟಿನ ಮೇಲೆ ಹರಿಯಿತು. ಗಾಜಿನ ಹತ್ತಿರ ನಿಂತಿತು.

“ಗೋಂದು ಮೆತ್ತಿದೆ ಇಲ್ಲಿ.”

“ಅದು ನಂದು, ಸಾರಿ” ಎಂದೆ.

“ನೀವ್ಯಾರು?”

“ಪಕ್ಕದ ಮನೆಯವಳು. ವಸುಧಾ.”

ಅವರು ತಲೆಯಾಡಿಸಿ ಮುಂದುವರಿದರು. ಚಾವಣಿ, ಹಿಂದಿನ ಗಾಜು, ಎಡ ಮೂಲೆ. ಬೆರಳು ನೆಗ್ಗಿನೊಳಗೆ ಇಳಿಯಿತು. ಹೊರಬಂತು. ಮತ್ತೆ ಇಳಿಯಿತು. ತುಟಿಯಂಥ ಮಡಿಕೆಯನ್ನು ಉಗುರಿನಿಂದ ತಡವಿ ನೋಡಿದರು.

“ಅಮ್ಮನ ಮರ” ಅಂದರು. ಆಮೇಲೆ, “ಅದು ಹೋದ ವರ್ಷ ಬಿರುಗಾಳಿಗೆ ಬಿದ್ದುಹೋಯ್ತು ಲೊರೆಟ್ಟಾ. ನಿನಗೆ ಹೇಳಲಿಲ್ಲ.”

“ಬರುವಾಗ ನೋಡಿದೆ.”

ಕರ್ಟಿಸ್ ನಗತೊಡಗಿದರು. ಮೊದಲು ಕೆಮ್ಮಿನ ಹಾಗೆ ಬಂತು, ಆಮೇಲೆ ಹೆಗಲು ಕುಲುಕಿತು. “ಎಂಥಾ ಗುದ್ದು ಗುದ್ದಿದ್ದೆ ನಾನು!” ಅನ್ನುತ್ತಾ ಕಣ್ಣೊರೆಸಿಕೊಂಡರು. ತಂಗಿ ಅವರ ಕುರ್ಚಿಯ ತೋಳಿನ ಮೇಲೆ ಕೂತರು. ನಾವಿಬ್ಬರೂ ಗೋಡೆಯ ಮೇಲಿನ ಫೋಟೋಗಳನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಮಧ್ಯಾಹ್ನ ಊಟವಾದ ಮೇಲೆ ಕರ್ಟಿಸ್ ಯಾರಿಗೋ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಮನೆಯ ಮುಂದೆ ಗುಡುಗು ಬಂದು ನಿಂತಿತು. ಅವರ ಚರ್ಚಿನ ಗೆಳೆಯ ಹ್ಯಾರಲ್ಡ್, ಕಡುಹಸಿರು ಬಣ್ಣದ ಹಳೆಯ ಕಾರಿನಲ್ಲಿ. ಶೆವೆಲ್ ಅಲ್ಲ, ಅದೇ ಕಾಲದ ಜಿಟಿಓ ಎಂಬ ಇನ್ನೊಂದು ಮಸಲ್ ಕಾರ್. ಮೂತಿ ಉದ್ದ, ಸೊಂಟ ಉಬ್ಬು. ಹ್ಯಾರಲ್ಡ್ ಇಳಿದು ಕೀಲಿಯನ್ನು ಮಿಸ್ ಲೊರೆಟ್ಟಾರ ಮುಂದೆ ಹಿಡಿದರು.

“ಮೇಡಂ, ಹುಡುಗನಾಗಿದ್ದಾಗ ನೀವು ಓಡಿಸೋದನ್ನ ಬೇಲಿ ಮೇಲೆ ಕೂತು ನೋಡಿದ್ದೀನಿ.”

ಅವರು ಬೇಡ ಅನ್ನುತ್ತಾರೆಂದುಕೊಂಡೆ. ಚಪ್ಪಲಿ ಕಳಚಿಟ್ಟು ಡ್ರೈವರ್ ಸೀಟಿನಲ್ಲಿ ಕೂತೇಬಿಟ್ಟರು. ಕರ್ಟಿಸ್ ಕಾರಿನ ಮೈ ಸವರಿಕೊಂಡು ಸುತ್ತಿ ಬಂದು ಪಕ್ಕದಲ್ಲಿ ಕೂತರು. ನಾವಿಬ್ಬರೂ ಹಿಂದೆ ತೂರಿಕೊಂಡೆವು.

“ವಸು, ಭುಜದ ಬೆಲ್ಟ್ ಎಲ್ಲೇ?” ನಮ್ಮವರು ಪಿಸುಗುಟ್ಟಿದರು.

“ಇಲ್ಲ ಕಣ್ರೀ. ಆಗ ಹಿಂದೆ ಸೊಂಟಕ್ಕೆ ಮಾತ್ರ.”

ಎಂಜಿನ್ ಹತ್ತಿಕೊಂಡಾಗ ಸದ್ದು ಬಂದದ್ದು ಕಿವಿಗಲ್ಲ, ಬೆನ್ನುಮೂಳೆಗೆ. ಇಪ್ಪತ್ತೈದು ಪಾಲು ಚಿಕ್ಕದು ಮಾಡಿ ಮೇಜಿನ ಮೇಲೆ ಅಂಟಿಸಿದ್ದ ಎಂಜಿನ್ನಿನ ಪ್ರತಿ ಕೊಳವೆಯ ಹೆಸರೂ ನನಗೆ ಗೊತ್ತಿತ್ತು. ಅದು ಹೀಗೆ ಮಾತಾಡುತ್ತದೆಂದು ಗೊತ್ತಿರಲಿಲ್ಲ. ಮಿಸ್ ಲೊರೆಟ್ಟಾ ಮೊದಲ ಸಲ ಕ್ಲಚ್ ಬಿಟ್ಟಾಗ ಕಾರು ಮುಗ್ಗರಿಸಿ ನಿಂತಿತು. ಎರಡನೆಯ ಸಲ ಕಾರು ಹೊರಟಿತು.

ಎರಡೂ ಕಡೆ ಪೈನ್ ಮರ, ನಡುವೆ ಖಾಲಿ ನೇರ ರಸ್ತೆ. ಕರ್ಟಿಸ್ ತಲೆ ಸ್ವಲ್ಪ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು.

“ಇನ್ನೂ ಇಲ್ಲ” ಅಂದರು. “ಇನ್ನೂ ಇಲ್ಲ. ಈಗ!”

ಮಿಸ್ ಲೊರೆಟ್ಟಾರ ಕೈ ಗೇರಿನ ಮೇಲೆ ಒಮ್ಮೆ ಮಿಂಚಿತು. ಸೀಟು ನಮ್ಮನ್ನು ಹಿಂದಿನಿಂದ ತಳ್ಳಿತು. ಮರಗಳು ಒಂದಕ್ಕೊಂದು ಅಂಟಿಕೊಂಡವು. ಮೂವತ್ತು ವರ್ಷ ನನ್ನ ಪಕ್ಕದಲ್ಲಿ ಸ್ಪೀಡ್ ಲಿಮಿಟ್ ಮೀರದ ಮನುಷ್ಯ ನನ್ನ ಕೈ ಹಿಡಿದುಕೊಂಡು, “ಇನ್ನೂ ಒಂದು ಗೇರ್ ಇರ್ಬೇಕು, ಅಲ್ವೇನೇ?” ಎಂದು ಕಿವಿಯಲ್ಲಿ ಕೂಗಿದರು.

ಇತ್ತು.

ಮರಳಿ ಬಂದು ಅಂಗಳದಲ್ಲಿ ನಿಲ್ಲಿಸಿದಾಗ ಮಿಸ್ ಲೊರೆಟ್ಟಾರ ತಲೆಗೂದಲು ಎಲ್ಲ ದಿಕ್ಕಿಗೂ ನಿಂತಿತ್ತು. ಕಾರು ನಿಂತಲ್ಲೇ ಗುಡುಗುತ್ತಿತ್ತು. ಹ್ಯಾರಲ್ಡ್ ಮರದ ಬುಡದ ಮೇಲಿಂದ ಎದ್ದು ನಮ್ಮ ಕಡೆ ನಡೆದು ಬರುತ್ತಿದ್ದರು. ಮಿಸ್ ಲೊರೆಟ್ಟಾ ಕೀಲಿಗೆ ಕೈ ಹಾಕಿದರು.

“ಆಫ್ ಮಾಡಬೇಡ” ಅಂದರು ಕರ್ಟಿಸ್. “ಸ್ವಲ್ಪ ಹೊತ್ತು ಹೀಗೇ ಇರಲಿ.”

ಅವರು ಕೈ ತೆಗೆದರು. ಹ್ಯಾರಲ್ಡ್ ಅರ್ಧ ದಾರಿಯಲ್ಲೇ ನಿಂತು, ಮತ್ತೆ ಹೋಗಿ ಬುಡದ ಮೇಲೆ ಕೂತರು. ನಾವು ನಾಲ್ವರೂ ಎಲ್ಲಿಗೂ ಹೋಗದೆ, ಎಂಜಿನ್ನಿನ ಸದ್ದು ಕೇಳುತ್ತಾ, ಆ ಕಾರಿನಲ್ಲಿ ಕೂತೇ ಇದ್ದೆವು.